ಹೋರಾಟಕ್ಕೆ ಬಂದ ಹುಡುಗಿಯರನ್ನು ಹೆದರಿಸಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಜಯದೇವ ವೃತ್ತದಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ನಡೆದಾಗ ಸ್ವಲ್ಪ ಹೊತ್ತು ನಿಂತು ನೋಡಿ. ಬಿಸಿಲಲ್ಲಿ ಬ್ಯಾನರ್ ಹಿಡಿದು ಮುಂದಿನ ಸಾಲಿನಲ್ಲಿ ಹುಡುಗಿಯರು ನಿಂತಿರುತ್ತಾರೆ, ಮೈಕ್ ಮಾತ್ರ ಹುಡುಗರ ಕೈಯಲ್ಲಿ, ಅಧಿಕಾರಿ ಬಂದಾಗ ಮನವಿ ಪತ್ರ ಓದಿ ಕೊಡುವವರೂ ಅವರೇ. ಮರುದಿನ ಬೈಗುಳ ಜಾಸ್ತಿ ಬೀಳುವುದು ಹುಡುಗಿಯರಿಗೆ. ಮನೆಗೆ ಫೋನ್ ಹೋಗುತ್ತದೆ. ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸಲ್ಲ ಅಂತ ಹೆದರಿಸುವವರೂ ಇದ್ದಾರೆ.

ನಾನು ಇತಿಹಾಸ ಪಾಠ ಮಾಡುವವಳು. ಅಮೆರಿಕದ ಗ್ರೀನ್ಸ್‌ಬರೊದಲ್ಲಿ 1960ರ ಫೆಬ್ರುವರಿ 1ರಂದು ನಾಲ್ವರು ಕಪ್ಪು ಹುಡುಗರು ಬಿಳಿಯರಿಗಷ್ಟೇ ಊಟ ಕೊಡುತ್ತಿದ್ದ ವೂಲ್‌ವರ್ತ್ ಅಂಗಡಿಯ ಕೌಂಟರ್‌ನಲ್ಲಿ ಪ್ರತಿಭಟಿಸಿ ಕೂತರು. ಈ ನಾಲ್ವರ ಕಥೆ ಎಲ್ಲರೂ ಹೇಳುತ್ತಾರೆ. ಅದೇ ಊರಿನ ಬೆನೆಟ್ ಮಹಿಳಾ ಕಾಲೇಜಿನ ಹುಡುಗಿಯರೂ ಆ ವಾರವೇ ಬಂದು ಕೂತರು, ಜುಲೈನಲ್ಲಿ ಅಂಗಡಿಯವರು ಮಣಿಯಬೇಕಾಯಿತು, ಆದರೆ ಈ ಹುಡುಗಿಯರ ಬಗ್ಗೆ ಎಷ್ಟು ಜನಕ್ಕೆ ಗೊತ್ತು ಹೇಳಿ? 1963ರಲ್ಲಿ ಇಂಥದೇ ಪ್ರತಿಭಟನೆ ಮಾಡಿ ಅದೇ ಕಾಲೇಜಿನ ನೂರಾರು ವಿದ್ಯಾರ್ಥಿನಿಯರು ಜೈಲಿಗೆ ಹೋದರು. ಕಾಲೇಜಿನ ಮುಖ್ಯಸ್ಥೆ ವಿಲ್ಲಾ ಪ್ಲೇಯರ್ ಈ ಹುಡುಗಿಯರನ್ನು ಹೊರಗೆ ಹಾಕಲಿಲ್ಲ. ತಾವೇ ಜೈಲಿಗೆ ಹೋಗಿ ಮಾತಾಡಿಸಿದರು, ಓದು ಹಿಂದೆ ಬೀಳಬಾರದು ಅಂತ ಪಾಠ, ಪರೀಕ್ಷೆ ಎರಡನ್ನೂ ಅಲ್ಲಿಗೇ ಕಳಿಸಿದರು! ನಮ್ಮ ಪ್ರಾಂಶುಪಾಲರು ಇದನ್ನು ಓದಬೇಕು.

ನ್ಯಾಶ್‌ವಿಲ್‌ನಲ್ಲಿ ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ 1960ರ ಏಪ್ರಿಲ್ 19ರಂದು ಸಾವಿರಾರು ಜನರೊಂದಿಗೆ ನಡೆದು ಹೋಗಿ, ಬಣ್ಣ ನೋಡಿ ಜನರನ್ನು ಬೇರೆ ಮಾಡುವುದು ತಪ್ಪಲ್ಲವಾ ಅಂತ ಮೇಯರ್‌ರನ್ನೇ ನೇರವಾಗಿ ಕೇಳಿದಳು. ಅವರು ತಪ್ಪು ಅಂತ ಒಪ್ಪಿಕೊಂಡರು. ಮೂರೇ ವಾರದಲ್ಲಿ ಅಲ್ಲಿನ ಊಟದ ಕೌಂಟರ್‌ಗಳು ಕಪ್ಪು ಜನರಿಗೂ ತೆರೆದವು. ಪ್ರಶ್ನೆ ಕೇಳಿದ್ದು ಅವಳೇ, ಅವಳ ಪರವಾಗಿ ಇನ್ಯಾರೋ ಅಲ್ಲ.

ಇದೆಲ್ಲ ಅಮೆರಿಕದ ಕಥೆ, ನಮಗ್ಯಾಕೆ ಅನ್ನಬೇಡಿ. 2016ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಬಿತ್ತು. ಯಾರೋ ಮಾಡಿದ ಅಪಘಾತಕ್ಕೆ, ಕಪ್ಪು ಬಣ್ಣದವಳು ಅನ್ನುವ ಒಂದೇ ಕಾರಣಕ್ಕೆ ಅವಳನ್ನು ಹಿಡಿದರು. ಈಶಾನ್ಯ ರಾಜ್ಯಗಳಿಂದ ಓದಲು ಬಂದ ಮಕ್ಕಳನ್ನು ಬಸ್‌ಸ್ಟ್ಯಾಂಡಿನಲ್ಲಿ, ಕ್ಯಾಂಟೀನಿನಲ್ಲಿ ಮುಖ ನೋಡಿ ಏನೇನೋ ಕರೆಯುತ್ತಾರೆ, ಸುತ್ತ ಇದ್ದವರು ನಗುತ್ತಾರೆ. ಒಬ್ಬ ಹುಡುಗಿ ಎದ್ದು ಇದು ಸರಿಯಲ್ಲ ಅಂದರೆ ನಿನಗ್ಯಾಕೆ ಬೇಕಿತ್ತು ಅನ್ನುತ್ತಾರೆ. ಹಾಗನ್ನುವುದರಲ್ಲಿ ನಮ್ಮ ಮೇಷ್ಟ್ರುಗಳೂ ಇದ್ದಾರೆ ಅನ್ನೋದೇ ನನಗೆ ಹೊಟ್ಟೆ ಉರಿಯುವ ಸಂಗತಿ.

ಕಾಲೇಜುಗಳವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿಭಟನೆಗೆ ಹೋದವರ ಹಾಜರಾತಿ ಮುಟ್ಟಬೇಡಿ, ಬೇಕಾದರೆ ಸಂಜೆ ಪಾಠ ಮಾಡಲು ನನ್ನಂಥವರು ರೆಡಿ ಇದ್ದೇವೆ. ಹುಡುಗಿಯರು ಮನವಿ ತಂದರೆ ಅವರ ಕೈಯಿಂದಲೇ ತೆಗೆದುಕೊಂಡು ವಾರದೊಳಗೆ ಲಿಖಿತ ಉತ್ತರ ಕೊಡಿ.

– ಒಬ್ಬ ಉಪನ್ಯಾಸಕಿ, ವಿದ್ಯಾನಗರ, ದಾವಣಗೆರೆ