ಐದನೆಯ ತರಗತಿ ಮುಗಿಸಿದ ಮಕ್ಕಳನ್ನು ಮುಂದಿನ ಶಾಲೆಯವರೆಗೆ ತಲುಪಿಸೋಣ

ಮಾನ್ಯ ಸಂಪಾದಕರೇ,

ಹೊಸನಗರ ತಾಲ್ಲೂಕಿನ ಘಟ್ಟದಂಚಿನಲ್ಲಿರುವ ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಳೆದ ವಾರ, ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ ನಡೆದು, ಮಕ್ಕಳ ಫಲಿತಾಂಶ ಪ್ರಕಟವಾಗಿ, ಬೇಸಿಗೆ ರಜೆ ಆರಂಭವಾಗಿದೆ. ಒಂದರಿಂದ ಐದನೆಯ ತರಗತಿಯವರೆಗೆ ಇಲ್ಲಿ ಕಲಿಯುವವರು ಒಟ್ಟು 19 ಮಕ್ಕಳು. ಅವರಲ್ಲಿ ನಾಲ್ವರು ಈ ವರ್ಷ ಐದನೆಯ ತರಗತಿ ಮುಗಿಸಿ ಶಾಲೆಯಿಂದ ಬೀಳ್ಕೊಂಡಿದ್ದಾರೆ. ನನ್ನ ಕಿರಿಯ ಮಗ ಅವರಲ್ಲೊಬ್ಬ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆಯಾಗಿ ಆ ದಿನದ ಸಿದ್ಧತೆಯಲ್ಲಿ ಪಾಲ್ಗೊಂಡ ನನಗೆ ಅದರ ಬಗ್ಗೆ ಸಂತೋಷವೂ ಇದೆ, ಒಂದು ಕೊರಗೂ ಇದೆ. ಎರಡನ್ನೂ ತಮ್ಮ ಪತ್ರಿಕೆಯ ಓದುಗರ ಮುಂದೆ, ಅದರಲ್ಲೂ ಮಲೆನಾಡಿನ ಪೋಷಕರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಏಪ್ರಿಲ್ ಎಂದರೆ ನಮ್ಮಲ್ಲಿ ಅಡಿಕೆ ಕೊಯ್ಲು, ಸುಲಿತಗಳು ಮುಗಿದು, ಕಾಳುಮೆಣಸಿನ ಕೆಲಸವೂ ತೋಟಕ್ಕೆ ಸೊಪ್ಪು ಗೊಬ್ಬರ ಹಾಕುವ ಕೆಲಸವೂ ನಡೆಯುವ ಕಾಲ. ಬೆಳಿಗ್ಗೆ ಹತ್ತು ಗಂಟೆಗೆ ಸಭೆ ಕರೆದರೆ, ಕೂಲಿಗೆ ಹೋಗುವ ತಾಯಂದಿರು ಅಂದಿನ ಸಂಬಳ ಬಿಟ್ಟು ಬರಬೇಕಾಗುತ್ತದೆ. ಹಿಂದಿನ ವರ್ಷಗಳಲ್ಲಿ ಏಳೆಂಟು ಮಂದಿ ಮಾತ್ರ ಬಂದು, ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಿದ್ದುದಕ್ಕೆ ಇದೇ ಕಾರಣವೇ ಹೊರತು ಮಕ್ಕಳ ಓದಿನ ಬಗ್ಗೆ ಅಸಡ್ಡೆಯಲ್ಲ. ಈ ಬಾರಿ ಮುಖ್ಯ ಶಿಕ್ಷಕಿಯವರು ಸಮಿತಿಯ ಮಾತಿಗೆ ಒಪ್ಪಿ, ಮಧ್ಯಾಹ್ನದ ಬಿಸಿ ಇಳಿದ ಮೇಲೆ, ನಾಲ್ಕೂವರೆಗೆ ಸಭೆ ಇಟ್ಟುಕೊಂಡರು. ತೋಟದ ಮನೆಗಳವರೂ ಅಂದು ಒಂದು ಗಂಟೆ ಮೊದಲೇ ಕೆಲಸ ಬಿಡಿಸಿದರು. ಇಬ್ಬರು ಮಕ್ಕಳ ಮನೆಯವರನ್ನು ಬಿಟ್ಟರೆ ಉಳಿದ ಎಲ್ಲರೂ ಬಂದಿದ್ದರು. ಇಷ್ಟು ಸಣ್ಣ ಬದಲಾವಣೆಯಿಂದ ಅಂಗಳದ ಸೋಗೆ ಚಪ್ಪರ ತುಂಬಿದ್ದನ್ನು ಕಂಡು ನನಗೆ ಆದ ಸಮಾಧಾನವನ್ನು ಇಲ್ಲಿ ಹೇಳದೆ ಇರಲಾರೆ.

ಚಟುವಟಿಕೆಗಳ ಮೂಲಕ ನಲಿಯುತ್ತ ಕಲಿಸುವ ನಲಿ-ಕಲಿ ಪದ್ಧತಿಯ, ಒಂದರಿಂದ ಮೂರನೆಯ ತರಗತಿಯ ಮಕ್ಕಳು ತಮ್ಮ ಕಾರ್ಡುಗಳನ್ನು ಹರಡಿಕೊಂಡು ತಂದೆ ತಾಯಿಯರ ಎದುರೇ ಓದಿ ತೋರಿಸಿದರು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ಈ ಪದ್ಧತಿ, ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಕಲಿಯುವ ನಮ್ಮಂಥ ಶಾಲೆಗೆ ಎಷ್ಟು ಹೊಂದುತ್ತದೆ ಎಂಬುದು ಅಂದು ಎಲ್ಲರಿಗೂ ಕಣ್ಣಾರೆ ತಿಳಿಯಿತು. ಫೆಬ್ರವರಿಯಲ್ಲಿ ನಡೆಸಿದ ಮಕ್ಕಳ ಸಂತೆಯ ಲೆಕ್ಕದ ಪುಸ್ತಕವನ್ನೂ ಮೇಜಿನ ಮೇಲೆ ಇಟ್ಟಿದ್ದರು. ಜೋನಿ ಬೆಲ್ಲ, ನಿಂಬೆಹಣ್ಣು, ಬಸಳೆ ಸೊಪ್ಪು, ಒಣಗಿಸಿದ ಮುರುಗಲು ಸಿಪ್ಪೆ, ಯಾರದೋ ಮನೆಯ ಹಿತ್ತಿಲಿನ ಬಾಳೆಗೊನೆ ಹೀಗೆ ಮಕ್ಕಳು ಮಾರಿದ್ದೆಲ್ಲವೂ ಅದರಲ್ಲಿ ಬರೆದಿತ್ತು. ಗಣಿತದ ಪರೀಕ್ಷೆಯಲ್ಲಿ ಸದಾ ಹಿಂದೆ ಬೀಳುವ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಆ ದಿನ ಚಿಲ್ಲರೆಯನ್ನು ಒಂದು ರೂಪಾಯಿಯೂ ತಪ್ಪದಂತೆ ಎಣಿಸಿ ಕೊಟ್ಟಿದ್ದಳು. ಶಿಕ್ಷಕಿಯವರು ಅದನ್ನು ಅವಳ ಪ್ರಗತಿ ಪತ್ರದಲ್ಲಿ ಎರಡು ಸಾಲು ಬರೆದಿದ್ದರು. ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನಗಳ ಶ್ರೇಣಿಗಳಿಗಿಂತ ಆ ಎರಡು ಸಾಲನ್ನು ಅವಳ ತಾಯಿ ಹೆಚ್ಚು ಹೊತ್ತು ಓದುತ್ತ ನಿಂತಿದ್ದರು.

ಆಶಾ ಕಾರ್ಯಕರ್ತೆಯೂ ಬಂದಿದ್ದರು. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಮಳೆ ಬೀಳುವವರೆಗೂ ಕಾಡುವುದರಿಂದ, ರಜೆಯಲ್ಲಿ ದರಗೆಲೆ ಗುಡಿಸಲು, ನೇರಳೆ, ಮುಳ್ಳಣ್ಣು ಹುಡುಕಲು ಮಕ್ಕಳು ಕಾಡಿಗೆ ಹೋಗುವಾಗ ಈ ರೋಗ ಹರಡುವ ಉಣ್ಣೆ ಹುಳ ಕಚ್ಚದಂತೆ ಕೈಕಾಲಿಗೆ ಡೇಪಾ ತೈಲ ಹಚ್ಚಿಕೊಳ್ಳಬೇಕೆಂದೂ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಕೂಡಲೇ ತಿಳಿಸಬೇಕೆಂದೂ ಅವರು ಹೇಳಿದರು. ರಜೆಗೆ ಮುಂಚಿನ ಸಭೆಯಲ್ಲಿ ಹೇಳಲೇಬೇಕಾದ ಮಾತು ಇದು. ಮಲೆನಾಡಿನ ಎಲ್ಲ ಶಾಲೆಗಳಲ್ಲೂ ಪ್ರತಿ ವರ್ಷ ಇದಕ್ಕೆ ಹತ್ತು ನಿಮಿಷ ಮೀಸಲಿಡಬೇಕು.

ಕೊನೆಗೆ ಐದನೆಯ ತರಗತಿಯ ನಾಲ್ವರು ಮಕ್ಕಳು ಶಾಲೆಗೆ ಒಂದು ಗೋಡೆ ಗಡಿಯಾರವನ್ನು ನೀಡಿದರು. ಬಿಸಿಯೂಟದ ಅಡುಗೆಯವರಿಗೂ, ಶೈಕ್ಷಣಿಕ ವರ್ಷದೊಂದಿಗೆ ಅವಧಿ ಮುಗಿದು ಜೂನ್‌ನಲ್ಲಿ ಮತ್ತೆ ಇಲ್ಲಿಗೇ ಬರುತ್ತಾರೋ ಇಲ್ಲವೋ ಹೇಳಲಾಗದ ಅತಿಥಿ ಶಿಕ್ಷಕಿಗೂ ಕಾಲು ಮುಟ್ಟಿ ನಮಸ್ಕರಿಸಿದರು. ಕೇಸರಿಬಾತು, ಚಿತ್ರಾನ್ನ ಹಂಚಿ ಆಯಿತು. ‘ತೇರ್ಗಡೆಯಾಗಿದ್ದಾರೆ’ ಎಂದು ಬರೆದ ಪ್ರಗತಿ ಪತ್ರವನ್ನು ಹಿಡಿದುಕೊಂಡು ನಾಲ್ವರೂ ಮನೆಗೆ ಹೋದರು. ನನ್ನ ಕೊರಗು ಇರುವುದು ಇಲ್ಲಿ. ನಾಲ್ಕನೆಯ ತರಗತಿಯಿಂದ ಐದಕ್ಕೆ ಹೋಗುವ ಮಗು ಅದೇ ಕೋಣೆಯ ಬೇರೆ ಸಾಲಿನಲ್ಲಿ ಕೂರುತ್ತದೆ. ಐದರಿಂದ ಆರಕ್ಕೆ ಹೋಗುವ ಮಗು ಊರನ್ನೇ ಬಿಟ್ಟು ಇನ್ನೊಂದು ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಆ ಶಾಲೆಯಿಂದ ಅಂದು ಯಾರೂ ಬಂದಿರಲಿಲ್ಲ, ಬರಬೇಕೆಂದು ನಾವೂ ಕರೆದಿರಲಿಲ್ಲ. ಹೋಗುವ ದಾರಿ ಯಾವುದು, ಬಸ್ಸು ಎಷ್ಟು ಗಂಟೆಗೆ, ಸೇರಿಸಲು ಯಾವ ಕಾಗದ ಬೇಕು ಎಂಬ ಒಂದು ಮಾತೂ ಅಂದಿನ ಸಭೆಯಲ್ಲಿ ಬರಲಿಲ್ಲ.

ನಿಯಮದ ಪ್ರಕಾರ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ನಮ್ಮ ಮಕ್ಕಳು ಸೇರಬೇಕಾದ ಶಾಲೆ ಗದ್ದೆ ಬಯಲು ಇಳಿದು, ಹಳ್ಳ ದಾಟಿ ಹೋದರೆ ಎರಡೂವರೆ ಕಿಲೋಮೀಟರ್. ಡಾಂಬರು ರಸ್ತೆಯಲ್ಲಿ ಸುತ್ತಿ ಹೋದರೆ ಆರು ಕಿಲೋಮೀಟರ್. ಈಗ ಏಪ್ರಿಲ್‌ನಲ್ಲಿ ಆ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ, ಮಕ್ಕಳು ಕಲ್ಲಿನಿಂದ ಕಲ್ಲಿಗೆ ಹಾರಿ ಆಚೆ ದಡ ಸೇರುತ್ತಾರೆ. ಶಾಲೆ ತೆರೆಯುವುದು ಮೇ ಕೊನೆಯ ವಾರದಲ್ಲಿ. ಅದಾದ ಹತ್ತು ಹದಿನೈದು ದಿನಕ್ಕೆ ಮೃಗಶಿರ ಮಳೆ ಹಿಡಿಯುತ್ತದೆ. ಆಗುಂಬೆ, ಹುಲಿಕಲ್ ಕಡೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ವರ್ಷಗಳಿವೆ. ನಮ್ಮೂರು ಅಲ್ಲಿಂದ ಬಹಳ ದೂರವಿಲ್ಲ. ಆಗ ಆ ಹಳ್ಳಕ್ಕೆ ಇರುವುದು ಅಡಿಕೆ ಮರ ಜೋಡಿಸಿ ಕಟ್ಟಿದ ಒಂದು ಕಾಲುಸಂಕ. ದೊಡ್ಡವರೇ ಕೊಡೆ ಮಡಚಿ, ಕೈ ಹಿಡಿದು ದಾಟಬೇಕಾದ ಆ ಸಂಕದ ಮೇಲೆ ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ಯಾವ ತಾಯಿಯೂ ಧೈರ್ಯದಿಂದ ಕಳಿಸಲಾರಳು. ಆದ್ದರಿಂದ ಮಲೆನಾಡಿನಲ್ಲಿ ಶಾಲೆಯ ದೂರವನ್ನು ಅಳೆಯುವುದಾದರೆ ಜುಲೈ ತಿಂಗಳಿನಲ್ಲಿ ಅಳೆಯಬೇಕು. ಬೇಸಿಗೆಯಲ್ಲಿ ಅಳೆದ ಎರಡೂವರೆ ಕಿಲೋಮೀಟರ್ ಕಾಗದದ ಮೇಲೆ ಸರಿಯಿರಬಹುದು, ಮಳೆಗಾಲದ ನಾಲ್ಕು ತಿಂಗಳು ಅದು ನಮ್ಮ ಮಕ್ಕಳಿಗೆ ಇಲ್ಲದ ದಾರಿ.

ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ನಾಲ್ಕು ವರ್ಷಗಳ ಹಿಂದೆ ನನ್ನ ಮಗಳು ಇದೇ ರೀತಿ ಐದನೆಯ ತರಗತಿ ಮುಗಿಸಿದಾಗ, ವರ್ಗಾವಣೆ ಪತ್ರವನ್ನು ಜೂನ್‌ನಲ್ಲಿ ಕೊಟ್ಟರಾಯಿತೆಂದು ಬಿಟ್ಟಿದ್ದರು. ಜೂನ್‌ನಲ್ಲಿ ಕೇಳಲು ಹೋದರೆ ಸಂಬಂಧಪಟ್ಟವರು ಬೇರೆ ಕೆಲಸದ ಮೇಲೆ ಹೋಗಿದ್ದರು. ಪತ್ರವಿಲ್ಲದೆ ಹೊಸ ಶಾಲೆಯಲ್ಲಿ ಹೆಸರು ಬರೆದುಕೊಳ್ಳಲಿಲ್ಲ. ಮೊದಲ ಎರಡು ವಾರ ಅವಳು ಮನೆಯಲ್ಲೇ ಉಳಿದಳು. ಸೇರಿದ ಮೇಲೂ ಜುಲೈನ ಮಳೆಯಲ್ಲಿ ಎಷ್ಟೋ ದಿನ ಹೋಗಲಾಗದೆ, ಆಗಸ್ಟ್ ಹೊತ್ತಿಗೆ ‘ನನಗೆ ಅಲ್ಲಿ ಏನೂ ತಿಳಿಯುವುದಿಲ್ಲ, ನಾನು ಹೋಗುವುದಿಲ್ಲ’ ಎಂದು ಹಟ ಹಿಡಿದಿದ್ದಳು. ಅವಳನ್ನು ಮತ್ತೆ ಓದಿನ ದಾರಿಗೆ ತರಲು ನಮಗೆ ಆ ವರ್ಷವಿಡೀ ಹಿಡಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇಂಥ ಮಕ್ಕಳಿಗಾಗಿಯೇ ಇದೆ ಎಂಬುದು ನನಗೆ ತಿಳಿದದ್ದು ಸಮಿತಿಗೆ ಸೇರಿದ ಮೇಲೆ. ಮುಂದಿನ ತರಗತಿಗಳಿಲ್ಲದ ಶಾಲೆಯ ಮಗುವಿಗೆ ಬೇರೆ ಶಾಲೆಗೆ ವರ್ಗಾವಣೆ ಪಡೆಯುವ ಹಕ್ಕಿದೆ. ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ತಕ್ಷಣ ನೀಡಬೇಕು. ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ. ಈ ಮೂರು ಮಾತನ್ನು ಅಂದು ಯಾರಾದರೂ ನನಗೆ ಹೇಳಿದ್ದರೆ ಮಗಳ ಆ ಎರಡು ವಾರ ಉಳಿಯುತ್ತಿತ್ತು.

ಸಾರಿಗೆಯ ಮಾತೂ ಹೀಗೆಯೇ. ನಿಗದಿತ ದೂರದೊಳಗೆ ಶಾಲೆ ಇಲ್ಲದ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿಯವರೆಗೆ ಸಾರಿಗೆ ಮತ್ತು ಬೆಂಗಾವಲು ಭತ್ಯೆ ನೀಡಲು ಅವಕಾಶವಿದೆ. ಹಳ್ಳದ ದಾರಿಯನ್ನೇ ದಾರಿ ಎಂದು ಬರೆದುಕೊಂಡರೆ ನಮ್ಮ ಮಕ್ಕಳ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ. ಇನ್ನು ಬಸ್ಸು. ನಮ್ಮ ಕಡೆಯ ಒಳದಾರಿಗಳಲ್ಲಿ ಓಡುವುದು ಬಹುತೇಕ ಖಾಸಗಿ ಬಸ್ಸುಗಳು. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ಬೆಳೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಮಲೆನಾಡಿನ ಎಷ್ಟೋ ಹಳ್ಳಿಗಳು ಬೆಳಗಿನ ಬಸ್ಸನ್ನೇ ಕಳೆದುಕೊಂಡವು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಸರ್ಕಾರಿ ಬಸ್ಸೇ ಬಾರದ ಊರಿನ ಆರನೆಯ ತರಗತಿಯ ಹುಡುಗಿಗೆ ಅದರ ಪ್ರಯೋಜನ ದೊರೆಯುವುದಿಲ್ಲ. 2006-07ರಲ್ಲಿ ಆರಂಭವಾದ ಬೈಸಿಕಲ್ ಯೋಜನೆಯೂ ಎಂಟನೆಯ ತರಗತಿಯ ಮಕ್ಕಳಿಗಾಗಿ ರೂಪಿಸಿದ್ದಾಗಿತ್ತು. ಊರು ಬಿಟ್ಟು ಹೋಗುವ ಮೊದಲ ಎರಡು ವರ್ಷ, ಅಂದರೆ ಮಗು ಅತಿ ಚಿಕ್ಕದಿರುವಾಗ, ಅದಕ್ಕೆ ಅತಿ ಕಡಿಮೆ ಆಸರೆ ಸಿಗುತ್ತಿದೆ.

ವರ್ಷದ ಕೊನೆಯ ಕಾರ್ಯಕ್ರಮದಲ್ಲಿ ಈ ವಿಷಯವನ್ನೇ ಮುಖ್ಯವಾಗಿ ಎತ್ತಿಕೊಳ್ಳಬೇಕೆಂಬುದು ನನ್ನ ಮನವಿ. ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ನಡೆಯುವ ದಿನ, ಮಕ್ಕಳು ಮುಂದೆ ಸೇರುವ ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕರಾದರೂ ಬಂದು ಆ ಮಕ್ಕಳ ಹೆಸರು ಕೇಳಿ, ಮುಖ ನೋಡಿ, ತಂದೆ ತಾಯಿಯರೊಂದಿಗೆ ಮಾತನಾಡಬೇಕು. ವರ್ಗಾವಣೆ ಪತ್ರ ಅಂದೇ, ಪ್ರಗತಿ ಪತ್ರದ ಜೊತೆಗೇ ಕೈಗೆ ಬರಬೇಕು. ಭತ್ಯೆಗೆ ಅರ್ಹರಾದ ಮಕ್ಕಳ ಪಟ್ಟಿಯನ್ನು ಮಳೆಗಾಲದ ದಾರಿಯ ಲೆಕ್ಕದಲ್ಲಿ ಅಂದೇ ಸಿದ್ಧಪಡಿಸಿ, ಸಭೆಯ ನಡಾವಳಿಯಲ್ಲಿ ಬರೆದು, ಸಿ.ಆರ್.ಪಿ.ಯವರ (ಸಮೂಹ ಸಂಪನ್ಮೂಲ ವ್ಯಕ್ತಿ) ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಬೇಕು. ಸಾಧ್ಯವಾದರೆ ಮಾರ್ಚ್ ತಿಂಗಳ ಒಂದು ಶನಿವಾರ ಐದನೆಯ ತರಗತಿಯ ಮಕ್ಕಳನ್ನು ಆ ಶಾಲೆಗೆ ಕರೆದೊಯ್ದು, ಅಲ್ಲಿನ ಮಕ್ಕಳ ಜೊತೆ ಆಡಿಸಿ, ಊಟ ಮಾಡಿಸಿ ಕರೆತರಬೇಕು. ನನ್ನ ಮಗಳು ಆ ಶಾಲೆಯ ಬಾಗಿಲನ್ನು ಮೊದಲು ಕಂಡದ್ದು ಜೋರು ಮಳೆಯಲ್ಲಿ, ಎರಡು ವಾರ ತಡವಾಗಿ, ಪರಿಚಯದ ಒಂದು ಮುಖವೂ ಇಲ್ಲದೆ.

ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹೊರಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಇಬ್ಬರೇ ಇರುವ ಶಾಲೆಯಲ್ಲಿ ಪಾಠ, ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಆನ್‌ಲೈನ್ ದಾಖಲೆ, ದಾಖಲಾತಿ ಆಂದೋಲನಗಳೆಲ್ಲವನ್ನೂ ಅವರೇ ಹೊತ್ತಿರುವುದನ್ನು ದಿನವೂ ನೋಡುತ್ತಿದ್ದೇನೆ. ನಾನು ಕೇಳುತ್ತಿರುವುದರಲ್ಲಿ ಬಹುಪಾಲು ನಮ್ಮ ಸಮಿತಿಗಳ ಕೆಲಸ. 2001ರಿಂದ ರಾಜ್ಯದಲ್ಲಿ ಈ ಸಮಿತಿಗಳಿವೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ದಾರಿಯನ್ನು ನಡೆದು ನೋಡಲು, ಬಸ್ಸಿನವರ ಹತ್ತಿರ ಮಾತನಾಡಲು, ಕಾಲುಸಂಕಕ್ಕೆ ಕೈಹಿಡಿ ಕಟ್ಟಿಸಲು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಲು ಶಿಕ್ಷಕರೇ ಬೇಕೆಂದಿಲ್ಲ. ಐದನೆಯ ತರಗತಿ ಮುಗಿದ ಮಗು ಇನ್ನು ನಮ್ಮ ಶಾಲೆಯದಲ್ಲ ಎಂದು ಸಮಿತಿಯವರಾದ ನಾವೇ ಕೈಬಿಡುತ್ತಿದ್ದೇವೆ. ಈ ವರ್ಷದ ಸಭೆಗೆ ಮುಂದಿನ ಶಾಲೆಯವರನ್ನು ಕರೆಯುವುದನ್ನು ಮರೆತವರಲ್ಲಿ ನಾನೂ ಒಬ್ಬಳು.

ನಮ್ಮ ಸಮಿತಿ ಈಗ ತಡವಾಗಿಯಾದರೂ ಈ ಕೆಲಸಕ್ಕೆ ಇಳಿದಿದೆ. ನಾಲ್ವರ ವರ್ಗಾವಣೆ ಪತ್ರಗಳನ್ನು ಮುಖ್ಯ ಶಿಕ್ಷಕಿಯವರು ಮೊನ್ನೆ ಬರೆದು ಕೊಟ್ಟಿದ್ದಾರೆ. ಶಾಲೆ ತೆರೆಯುವ ಮೊದಲು ಒಂದು ದಿನ ಮಕ್ಕಳೊಂದಿಗೆ ಡಾಂಬರು ರಸ್ತೆಯ ಆರು ಕಿಲೋಮೀಟರ್ ಹೋಗಿ ಬಂದು, ಎಲ್ಲಿ ನಿಲ್ಲಬೇಕು, ಯಾರ ಮನೆಯ ಜಗಲಿಯಲ್ಲಿ ಮಳೆಗೆ ಆಸರೆ ಕೇಳಬಹುದು ಎಂಬುದನ್ನು ನೋಡಿಡಲಿದ್ದೇವೆ. ಆ ರಸ್ತೆಯಲ್ಲಿ ಬೆಳಿಗ್ಗೆ ಬರುವ ಒಂದೇ ಬಸ್ಸು ಎಂಟೂಕಾಲಕ್ಕೆ ಹೋಗಿಬಿಡುತ್ತದೆ. ಸಂಜೆ ಬಸ್ಸು ಬರುವುದು ಶಾಲೆ ಬಿಟ್ಟು ಒಂದೂವರೆ ಗಂಟೆಯ ಮೇಲೆ. ಜೂನ್ ತಿಂಗಳಿಗೆ ಮುಂಚೆ ಈ ಎರಡು ಹೊತ್ತನ್ನು ಶಾಲೆಯ ವೇಳೆಗೆ ಹೊಂದಿಸಿಕೊಡಬೇಕೆಂದು ಬಸ್ಸು ನಡೆಸುವವರಲ್ಲಿಯೂ, ಸಾರಿಗೆ ಇಲಾಖೆಯ ಅಧಿಕಾರಿಗಳಲ್ಲಿಯೂ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ ಹಾಗೂ ಶಾಲಾ ಸಮಿತಿ ಸದಸ್ಯೆ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ