ಪೆರ್ಲದ ಟೀಚರ ಪದ್ಮಿನಿ

ನೀರ್ಚಾಲು
ಆಟಿ ತಿಂಗಳು

ಪ್ರೀತಿಯ ಮಗಳೇ,

ಮೊನ್ನೆ ನೀನು ಊಟ ಬಿಟ್ಟು ಬೆಂಗಳೂರಿನ ರೈಲು ಹತ್ತಿದೆ. ಆಡಿದ ಮಾತೆಲ್ಲ ಇಬ್ಬರಿಗೂ ನೆನಪಿದೆ, ಪುನಃ ಬರೆಯುವುದಿಲ್ಲ. ದನಿ ಏರಿಸಿದ್ದು ನನ್ನ ತಪ್ಪು. ಕೇಳಿದ ಪ್ರಶ್ನೆ ಮಾತ್ರ ತಪ್ಪಲ್ಲ: ಪೆರ್ಲದ ಟೀಚರ ಪದ್ಮಿನಿ ಕಾರು ಈಗ ಯಾರ ಹೆಸರಿನಲ್ಲಿದೆ?

ನೀನು ಅದನ್ನು ಅವರಿಂದ 65 ಸಾವಿರಕ್ಕೆ ತೆಗೆದು 22 ದಿನದಲ್ಲಿ 1 ಲಕ್ಷ 80 ಸಾವಿರಕ್ಕೆ ಮಾರಿದೆ. ಆ ಲಾಭಕ್ಕೆ ನನ್ನ ತಕರಾರಿಲ್ಲ. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಗಾಡಿ ಅದು. ನೀನು ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಪಾಯಿಂಟ್ ಉಜ್ಜಿ, ಫೀಲರ್ ಗೇಜ್ ಇಟ್ಟು ಸಂದು ಸರಿಮಾಡಿ, ಕಾರ್ಬುರೇಟರಿಗೆ ನಾಲ್ಕು ಹನಿ ಪೆಟ್ರೋಲು ಹೊಯ್ದೆ. ಎರಡು ಸಲ ಕೆಮ್ಮಿ ಎಂಜಿನ್ ಎದ್ದಿತು. ಟೀಚರು ಸೆರಗಿನಿಂದ ಕಣ್ಣೊರಸಿಕೊಂಡರು. ಬದಿಯಡ್ಕ ಪೇಟೆಯಲ್ಲಿ ಸಿಕ್ಕವರಿಗೆಲ್ಲ ನಾನು ಹೇಳಿಕೊಂಡು ಬಂದಿದ್ದೇನೆ, ನಿನಗೆ ಮಾತ್ರ ಹೇಳಲಿಲ್ಲ.

ಆಮೇಲೆ ಅವರು ಕನ್ನಡಕವನ್ನೂ ಹುಡುಕದೆ ಗಾಡಿಯ ಹೆಸರು ಬದಲಿಸುವ 29, 30ನೇ ಖಾಲಿ ಫಾರ್ಮುಗಳಿಗೆ ಸಹಿ ಹಾಕಿದರು. “ನಿಮ್ಮ ಮಗಳಲ್ಲವಾ” ಎಂದರು. ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ನಾನು ಬಾಯಿ ಬಿಡಲಿಲ್ಲ. ನನ್ನನ್ನು ಸುಡುತ್ತಿರುವುದು ಅದು.

1998ರ ಸಂಗತಿ ನಿನಗೆ ಪೂರ್ತಿ ಹೇಳಿಲ್ಲ. ನಾನೂ ಒಂದು ಹಳೆ ಅಂಬಾಸಿಡರ್ ತೆಗೆದು, ಎರಡೇ ತಿಂಗಳಲ್ಲಿ 6 ಸಾವಿರ ಲಾಭಕ್ಕೆ ಬ್ರೋಕರನಿಗೆ ಕೊಟ್ಟಿದ್ದೆ, ಖಾಲಿ ಫಾರ್ಮಿಗೆ ಸಹಿ ಹಾಕಿ. ಮರುವರ್ಷ ಚಾವಡಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ರಿಜಿಸ್ಟರ್ಡ್ ಪತ್ರ ಬಂತು. ಕಾರು ಮೂರು ಕೈ ದಾಟಿ, ಒಬ್ಬ ಹುಡುಗನ ಕಾಲಿನ ಮೇಲೆ ಹರಿದಿತ್ತು. ಇನ್ಶೂರೆನ್ಸ್ ಮುಗಿದಿತ್ತು. ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ನನ್ನ ಹೆಸರೇ ಇತ್ತು.

ಕೋರ್ಟಿನ ಬೆಂಚಿನಲ್ಲಿ ಆ ಹುಡುಗ ನನ್ನ ಪಕ್ಕದಲ್ಲೇ ಕೂತಿದ್ದ. ಪ್ಯಾಂಟಿನ ಬಲಗಾಲನ್ನು ಮಡಚಿ ಪಿನ್ನು ಚುಚ್ಚಿದ್ದರು. ಪಿನ್ನು ಜಾರಿತು. ಅವನ ಅಮ್ಮ ಬಗ್ಗಿ ಪುನಃ ಚುಚ್ಚಿದಳು. ನಾಲ್ಕು ವರ್ಷದ ಅಡಿಕೆಯ ಹಣ ಅವರಿಗೆ ಹೋಯಿತು, ಹೋಗಬೇಕಾದ್ದೇ. ಬೇಸರ ಹಣದ್ದಲ್ಲ. ಈಗಲೂ ನಿನ್ನ ಅಮ್ಮ ಸೀರೆಗೆ ಪಿನ್ನು ಹಾಕುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಆ ಹುಡುಗನಿಗೆ ಆಗ ಹದಿನಾಲ್ಕು. ಪಿನ್ನು ಜಾರಿದಾಗ ಅವನು ನನ್ನ ಮುಖ ನೋಡಿದ್ದ, ನಾನು ನೆಲ ನೋಡಿದೆ.

ದಾಖಲೆಯಲ್ಲಿ ಹೆಸರಿದ್ದವರೇ ಮಾಲಕರು, ಗಾಡಿ ಎಷ್ಟು ಕೈ ದಾಟಿದರೂ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಾಳೆ ಬೆಂಗಳೂರಿನಲ್ಲಿ ಏನಾದರೂ ಆದರೆ ಪತ್ರ ಬರುವುದು ಟೀಚರ ಮನೆಗೆ. ಪೆನ್ಶನ್ ಬಿಟ್ಟರೆ ಅವರಿಗೆ ಬೇರೇನಿದೆ?

ಇನ್ನೊಂದು ಮಾತು. ಪದ್ಮಿನಿಯ ಬಾಗಿಲ ಕೆಳಗಿನ ಪಟ್ಟಿಗೆ ನಾನು ಅಯಸ್ಕಾಂತ ಹಿಡಿದು ನೋಡಿದ್ದೆ, ಅಂಟಲಿಲ್ಲ. ಒಳಗೆ ತಗಡಿಲ್ಲ, ತೂತು ಮುಚ್ಚುವ ಪುಟ್ಟಿ ಮಾತ್ರ. ನಮ್ಮ ಮಳೆಗೂ ಕಡಲ ಗಾಳಿಗೂ ತುಕ್ಕು ಹಿಡಿಯದ ಗಾಡಿಯಿಲ್ಲ, ಅದು ನಾಚಿಕೆಯ ವಿಷಯವೂ ಅಲ್ಲ. ಆದರೆ ಕೊಂಡವನಿಗೆ ಹೇಳು. ತಗಡು ಕತ್ತರಿಸಿ ವೆಲ್ಡ್ ಮಾಡಿಸಲು ಎರಡು ವಾರ ಹೆಚ್ಚು ಬೇಕು, ಕೊಡು. ಅವಸರದಲ್ಲಿ ಮಾರಿದ್ದಕ್ಕೆ ಪುಟ್ಟಿ, ಅವಸರದಲ್ಲೇ ಖಾಲಿ ಫಾರ್ಮು. ಉಪದೇಶ ಮಾಡಬಾರದೆಂದೇ ಕೂತಿದ್ದೆ, ನೋಡು.

ಕೊಂಡವನ ವಿಳಾಸ ಮತ್ತು ಗುರುತಿನ ಚೀಟಿಯ ಪ್ರತಿ ಕಳಿಸು. ಕಾಸರಗೋಡಿನ ಆರ್‌ಟಿಒದಿಂದ ಎನ್ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಆಗಬೇಕು, ಆಮೇಲೆ ಕರ್ನಾಟಕದಲ್ಲಿ ಅವನ ಹೆಸರಿಗೆ ನೋಂದಣಿ. ಅವನು ತೆರಿಗೆ ಕಟ್ಟಲು ಗೊಣಗಿದರೆ ನಿನ್ನ ಲಾಭದಿಂದ ಕೊಡು, ಸಾಲದಿದ್ದರೆ ನಾನು ಹಾಕುತ್ತೇನೆ.

ಶನಿವಾರ ಪೆರ್ಲಕ್ಕೆ ಹೋಗಿ ಟೀಚರಿಗೆ ಎಲ್ಲ ಹೇಳಬೇಕೆಂದಿದ್ದೇನೆ. ನೀನು ಬರುವುದಾದರೆ ಕಾಸರಗೋಡು ಸ್ಟೇಷನ್ನಿಗೆ ಬರುತ್ತೇನೆ. ಬಾರದಿದ್ದರೂ ಹೋಗುತ್ತೇನೆ. ಹತ್ತು ಗಂಟೆವರೆಗೆ ಕಾಯುವೆ.

ನಿನ್ನ ಅಪ್ಪ