1945ರಲ್ಲಿ ಆ ಕೇಕ್ ಆಗುತ್ತಿರಲಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಕ್ರಿಸ್‌ಮಸ್ ಪುರವಣಿಯ ಲೇಖನದಲ್ಲಿ ಇಂಗ್ಲೆಂಡಿನ ಹೊಸ ದಂಪತಿ 1945ರ ಡಿಸೆಂಬರಿನಲ್ಲಿ 'ರೇಷನ್ ಮುಗಿದ ಸಂಭ್ರಮ'ದಲ್ಲಿದ್ದಾರೆ. ಮೇಜಿನ ಮೇಲೆ ಐಸಿಂಗ್ ಮಾಡಿದ ಬೆಣ್ಣೆ ಕೇಕು, ಟರ್ಕಿ ಕೋಳಿ, ಕಿಟಕಿಯಾಚೆ ಹಿಮ. ಚಿತ್ರ ಚೆನ್ನಾಗಿದೆ, ಆದರೆ ಒಂಬತ್ತು ವರ್ಷ ಮೊದಲೇ ಬಂದಿದೆ.

1945ರಲ್ಲಿ ಮುಗಿದದ್ದು ಯುದ್ಧ, ರೇಷನ್ ಅಲ್ಲ. ಯುದ್ಧ ನಡೆಯುವಾಗ ಎಷ್ಟು ಬೇಕಾದರೂ ಸಿಗುತ್ತಿದ್ದ ಬ್ರೆಡ್ಡಿಗೇ 1946ರ ಜುಲೈನಿಂದ 1948ರ ಜುಲೈವರೆಗೆ ರೇಷನ್ ಬಂತು. ಚಹಾ 1952ರಲ್ಲಿ ಬಿಡುಗಡೆಯಾಯಿತು. ಮಿಠಾಯಿ, ಮೊಟ್ಟೆ, ಸಕ್ಕರೆ 1953ರಲ್ಲಿ. ಬೆಣ್ಣೆ 1954ರ ಮೇ ತಿಂಗಳಲ್ಲಿ. ಕೊನೆಗೆ ಮಾಂಸ, 1954ರ ಜುಲೈ 4ರಂದು. ಊಟಕ್ಕೆ ರೇಷನ್ ಪುಸ್ತಕ ಬೇಡವಾದ ಮೊದಲ ಕ್ರಿಸ್‌ಮಸ್ 1954ರದು.

ಗೊಂದಲ 'ರೇಷನ್' ಎಂಬ ಪದದಿಂದಲೇ ಹುಟ್ಟಿರಬಹುದು. ನಮ್ಮ ರೇಷನ್ ಅಂಗಡಿಯ ಅಕ್ಕಿ ಸಾಲದಿದ್ದರೆ ಪಕ್ಕದ ದಿನಸಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಅಲ್ಲಿ ಹಾಗಿರಲಿಲ್ಲ. ಹೆಸರು ನೋಂದಾಯಿಸಿದ ಅಂಗಡಿಯಲ್ಲಿ ಪುಸ್ತಕ ತೋರಿಸಿದರೆ ತಲೆಗೆ ಇಷ್ಟೆಂದು ಗೊತ್ತುಮಾಡಿದಷ್ಟೇ ಸಿಗುವುದು, ಸಾಹುಕಾರನಿಗೂ ಅಷ್ಟೇ. (ಕಾಳಸಂತೆಯೂ ಇತ್ತು, ಅದು ಬೇರೆ ಮಾತು.)

ಈಗ ಲೇಖನದಲ್ಲಿ ಕೊಟ್ಟ ಕೇಕಿನ ಲೆಕ್ಕ ನೋಡಿ. 8 ಇಂಚಿನ ಟಿನ್ನಿಗೆ 8 ಔನ್ಸ್, ಅಂದರೆ ಸುಮಾರು 225 ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ, 4 ಮೊಟ್ಟೆ, 2 ಪೌಂಡ್ ಒಣಹಣ್ಣು. ಆ ಕಾಲದಲ್ಲಿ ತಲೆಗೆ ವಾರಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು 2 ಔನ್ಸ್ ಬೆಣ್ಣೆ, 8 ಔನ್ಸ್ ಸಕ್ಕರೆ, ಒಂದು ಮೊಟ್ಟೆ. ಇಬ್ಬರೂ ಎರಡು ವಾರ ಬ್ರೆಡ್ಡಿಗೆ ಬೆಣ್ಣೆ ಸವರದೆ, ಮೊಟ್ಟೆ ಮುಟ್ಟದೆ ಇದ್ದರೆ ಕೇಕಿನ ಹಿಟ್ಟು ಕಲಸಬಹುದು. ಮೇಲಿನ ಐಸಿಂಗಿಗೆ ಒಂದು ಪೌಂಡ್ (16 ಔನ್ಸ್) ಸಕ್ಕರೆ ಎಂದರೆ ಇಬ್ಬರ ಇಡೀ ವಾರದ ಸಕ್ಕರೆ, ಚಹಾಕ್ಕೂ ಉಳಿಯದು. ಒಣದ್ರಾಕ್ಷಿಯನ್ನು 'ಪಾಯಿಂಟ್' ಲೆಕ್ಕದಲ್ಲಿ, ಅಂದರೆ ಪ್ರತಿಯೊಬ್ಬರಿಗೂ ಇಷ್ಟೆಂದು ಕೊಟ್ಟ ಅಂಕಗಳಲ್ಲಿ ಕಳೆದು, ಕೊಳ್ಳಬೇಕಿತ್ತು. ಡಬ್ಬಿ ಮೀನಿಗೂ ಅದೇ ಪಾಯಿಂಟು. ಬೇಕರಿಯಿಂದ ತಂದಿರಬಹುದು ಎನ್ನುವಂತೆಯೂ ಇಲ್ಲ: ಐಸಿಂಗ್ ಮಾಡಿದ ಕೇಕ್ ಮಾರುವುದನ್ನು 1940ರಲ್ಲೇ ನಿಷೇಧಿಸಿದ್ದರು. ಮದುವೆಗಳಲ್ಲಿ ಸಣ್ಣ ಕೇಕಿನ ಮೇಲೆ ಐಸಿಂಗಿನಂತೆ ಕಾಣುವ ರಟ್ಟಿನ ಟೊಪ್ಪಿಗೆ ಕವಿಚುತ್ತಿದ್ದರು.

ಹಾಗಾದರೆ 1945ರಲ್ಲಿ ಏನು ಮಾಡುತ್ತಿದ್ದರು? ಬೆಣ್ಣೆಯ ಬದಲು ಮಾರ್ಗರಿನ್, ಮೊಟ್ಟೆಯ ಬದಲು ಮೊಟ್ಟೆಪುಡಿ, ಸಿಹಿಗೂ ತೇವಕ್ಕೂ ತುರಿದ ಕ್ಯಾರೆಟ್. ಲೇಖನದಲ್ಲಿ 'ಒಂದು ಮೊಟ್ಟೆಗೆ ತುಂಬಿ ತುಳುಕುವ ಎರಡು ಚಮಚ ಪುಡಿ' ಎಂದಿದೆ. ಅದು ತಪ್ಪು. ಮಟ್ಟ ಮಾಡಿದ ಒಂದು ದೊಡ್ಡ ಚಮಚ ಪುಡಿಗೆ ಎರಡು ದೊಡ್ಡ ಚಮಚ ನೀರು. ನೀರನ್ನು ಒಟ್ಟಿಗೆ ಸುರಿದರೆ ಗಂಟುಕಟ್ಟುತ್ತದೆ. ಸ್ವಲ್ಪ ನೀರಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ಸಡಿಲಿಸಿ, ಐದು ನಿಮಿಷ ಬಿಡಬೇಕು. ಪುಡಿ ಹೆಚ್ಚಾದರೆ ಕೇಕು ರಬ್ಬರಿನಂತಾಗಿ ವಾಸನೆ ಹೊಡೆಯುತ್ತದೆ. ತಾಜಾ ಮೊಟ್ಟೆಯಷ್ಟು ಗಾಳಿಯನ್ನು ಇದು ಹಿಡಿದಿಡುವುದಿಲ್ಲ, ಆದ್ದರಿಂದ ಬೇಕಿಂಗ್ ಪೌಡರ್ ತುಸು ಮುಂದಿರಲಿ. ಇನ್ನೊಂದು ವಿಷಯ: ಕೊಬ್ಬು, ಸಕ್ಕರೆ ಕಡಿಮೆಯಿರುವ ಈ ಕೇಕನ್ನು ತಿಂಗಳ ಮೊದಲೇ ಮಾಡಿಟ್ಟರೆ ಒಣಗುತ್ತದೆ, ಕ್ಯಾರೆಟ್ ಹಾಕಿದ್ದರೆ ಬೂಸ್ಟು ಬರುತ್ತದೆ. ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಮಾಡುವುದೇ ಸರಿ. ಕೇಕಿನ ಮೇಲೆ ಹೊದಿಸುವ ಬಾದಾಮಿ ಹಿಟ್ಟಿಗೆ ಬಾದಾಮಿ ಇಲ್ಲ. 2 ಔನ್ಸ್ ಮಾರ್ಗರಿನ್ನನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ, ಉರಿಯಿಂದ ಇಳಿಸಿ, 4 ಔನ್ಸ್ ಸಕ್ಕರೆ, ಬಾದಾಮಿ ಎಸೆನ್ಸ್, 4 ಔನ್ಸ್ ಸೋಯಾ ಹಿಟ್ಟು ಹಾಕಿ ನಾದುತ್ತಿದ್ದರು. ಇಳಿಸದೆ ಒಲೆಯ ಮೇಲೇ ತಿರುವಿದರೆ ಜಿಡ್ಡು ಬೇರೆಯಾಗಿ ಹಿಟ್ಟು ಪುಡಿಪುಡಿಯಾಗುತ್ತದೆ. ರುಚಿ? ಎಸೆನ್ಸಿನದೇ.

ಟರ್ಕಿ 1954ರಲ್ಲೂ ದುಬಾರಿ. ಇಬ್ಬರಿಗೆ ಅದರ ಅಗತ್ಯವೂ ಇಲ್ಲ. ಕೋಳಿಯೂ ಆಗ ಹಬ್ಬದೂಟವೇ. ರೇಷನ್ ಕಾಲದಲ್ಲಿ ಕೈ ಹಿಡಿದಿದ್ದ ಮೊಲದ ಮಾಂಸವನ್ನು, 1953ರಲ್ಲಿ ಮೊಲಗಳಿಗೆ ಮಿಕ್ಸೊಮಾಟೋಸಿಸ್ ರೋಗ ಬಂದ ಮೇಲೆ, ತಿನ್ನಲು ಜನ ಹಿಂಜರಿದರು.

ಇನ್ನು ಹಿಮ. ದಕ್ಷಿಣ ಇಂಗ್ಲೆಂಡಿನ ತಗ್ಗು ಪ್ರದೇಶದಲ್ಲಿ ಅದು ಡಿಸೆಂಬರಿಗಿಂತ ಜನವರಿ, ಫೆಬ್ರುವರಿಯಲ್ಲೇ ಹೆಚ್ಚು. 1947ರ ಪ್ರಸಿದ್ಧ ಹಿಮವೂ ಬಿದ್ದದ್ದು ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ. ಹಬ್ಬಕ್ಕೆ ಹಿಮ ಬೇಕೇ ಬೇಕೆಂದಿದ್ದರೆ ಲೇಖಕರು ಆ ದಂಪತಿಯನ್ನು ಸ್ಕಾಟ್ಲೆಂಡಿನ ಬೆಟ್ಟದೂರಿಗೆ ಕಳಿಸಬಹುದಿತ್ತು.

ಹಿಮ ಬಂದರೂ ಮನೆಯೆಲ್ಲ ಬೆಚ್ಚಗಿರುತ್ತಿರಲಿಲ್ಲ. ಊಟದ ರೇಷನ್ ಹೋದ ಮೇಲೂ ಕಲ್ಲಿದ್ದಲಿನ ಮೇಲಿನ ನಿಯಂತ್ರಣ 1958ರವರೆಗೆ ಇತ್ತು. ಬೆಂಕಿ ಒಂದೇ ಕೋಣೆಯಲ್ಲಿ. ಹೊರಗೋಡೆಗುಂಟ ಹೋಗುವ ಸೀಸದ ಪೈಪುಗಳಿಗೆ ಗೋಣಿತಾಟು ಸುತ್ತದಿದ್ದರೆ ರಾತ್ರಿ ನೀರು ಹೆಪ್ಪುಗಟ್ಟಿ, ಸುಮಾರು ಶೇ 9ರಷ್ಟು ಹಿಗ್ಗಿ, ಪೈಪು ಸೀಳುತ್ತದೆ. ಮಂಜುಗಡ್ಡೆಯೇ ಬಿರಡೆಯಾಗಿರುವುದರಿಂದ ಸೋರುವುದು ಅದು ಕರಗಿದಾಗ. ಆದ್ದರಿಂದ ಮೊದಲು ಮುಖ್ಯ ನಲ್ಲಿ ಮುಚ್ಚಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಯ ಕಡೆಯಿಂದ ಒಳಕ್ಕೆ ಸುತ್ತುತ್ತ ಹೋಗಬೇಕು. ಲೇಖನದ ಯುವಕ ಚರ್ಚಿನಿಂದ ಬಂದು, ನಲ್ಲಿಯಲ್ಲಿ ನೀರಿಲ್ಲವೆಂದು ಕಂಡು, ನೇರ ಅಗ್ಗಿಷ್ಟಿಕೆಗೆ ಬೆಂಕಿ ಹಾಕುತ್ತಾನೆ. ಅಂಥ ಎಷ್ಟೋ ಮನೆಗಳಲ್ಲಿ ಅಗ್ಗಿಷ್ಟಿಕೆಯ ಹಿಂದೆಯೇ ನೀರು ಕಾಯಿಸುವ ಬಾಯ್ಲರ್ ಇರುತ್ತಿತ್ತು. ಅದರ ಪೈಪುಗಳು ಹೆಪ್ಪುಗಟ್ಟಿದ್ದರೆ ಉಗಿಗೆ ದಾರಿಯಿಲ್ಲದೆ ಬಾಯ್ಲರ್ ಸಿಡಿಯುತ್ತದೆ. ತಿಳಿದವರು ನೀರು ಹರಿಯುವುದು ಖಾತ್ರಿಯಾಗುವ ತನಕ, ಎಷ್ಟೇ ಚಳಿಯಿದ್ದರೂ, ಆ ಒಲೆಗೆ ಕಡ್ಡಿ ಗೀರುತ್ತಿರಲಿಲ್ಲ.